‘ಬ್ರೇಕ್’ಗೆ ತಗಾಲೊಗ್‌ನಲ್ಲಿ ಏನನ್ನುತ್ತಾರೆ? ಕನ್ನಡದ ದಾರಿಯಲ್ಲೇ ಕಲಿಯುವ ಕ್ರಮ

ಗಾಜಿನ ಲೋಟ ಒಡೆಯುತ್ತದೆ. ಕಡ್ಡಿ ಮುರಿಯುತ್ತದೆ. ದಾರ ಹರಿಯುತ್ತದೆ. ಚಪ್ಪಲಿಯ ಪಟ್ಟಿ ಕಿತ್ತುಹೋಗುತ್ತದೆ, ಮಿಕ್ಸಿ ಕೆಡುತ್ತದೆ, ಕೊಟ್ಟ ಮಾತು ತಪ್ಪುತ್ತದೆ. ಇಂಗ್ಲಿಷಿನವರು ಇಷ್ಟನ್ನೂ ‘ಬ್ರೇಕ್’ ಎಂಬ ಒಂದೇ ಪದದಿಂದ ಹೇಳಿ ಮುಗಿಸಬಲ್ಲರು. ಫಿಲಿಪ್ಪೀನ್ಸಿನ ತಗಾಲೊಗ್ ಹಾಗಲ್ಲ. ಅದು ನಮ್ಮ ಹಾಗೆ. ಏನು ಹಾಳಾಯಿತು, ಹೇಗೆ ಹಾಳಾಯಿತು ಎಂದು ನೋಡಿಯೇ ಪದ ಆರಿಸುತ್ತದೆ.

ನಾನು ಹನ್ನೊಂದು ವರ್ಷ ದುಬೈಯ ಒಂದು ಹೋಟೆಲಿನ ಉಗ್ರಾಣದಲ್ಲಿ ಕೆಲಸ ಮಾಡಿದ್ದೇನೆ. ಜೊತೆಗಿದ್ದವರಲ್ಲಿ ಅರ್ಧಕ್ಕರ್ಧ ಫಿಲಿಪ್ಪೀನ್ಸಿನವರು. ಅವರ ಮಾತನ್ನು ಮೊದಲ ಎರಡು ವರ್ಷ ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ದಾರಿ ತಪ್ಪಿದೆ. ‘ಬ್ರೇಕ್’ ಎಂದು ಹುಡುಕಿದರೆ ನಿಘಂಟು ಹನ್ನೆರಡು ಪದ ಕೊಡುತ್ತಿತ್ತು. ಯಾವುದನ್ನು ಎಲ್ಲಿ ಬಳಸಬೇಕೆಂದು ಹೇಳುತ್ತಿರಲಿಲ್ಲ. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದ ನೇರವಾಗಿ ಹೊರಟ ಮೇಲೆ ಗಂಟು ಬಿಚ್ಚಿಕೊಂಡಿತು. ಕೊಲ್ಲಿ ದೇಶಗಳ ಆಸ್ಪತ್ರೆ, ಹೋಟೆಲುಗಳಲ್ಲಿ ಫಿಲಿಪ್ಪೀನ್ಸಿನವರ ಜೊತೆ ದುಡಿಯುವ ಕನ್ನಡಿಗರಿಗೆ, ವೈದ್ಯಕೀಯ ಓದಲು ಆ ದೇಶಕ್ಕೇ ಹೋಗುವ ನಮ್ಮ ಮಕ್ಕಳಿಗೆ ಉಪಯೋಗವಾಗಲಿ ಎಂದು ಆ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಉಚ್ಚಾರ

ತಗಾಲೊಗ್ ಇಂದು ರೋಮನ್ ಲಿಪಿಯಲ್ಲಿದೆ. ಮಾತಿನ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಪತ್ರಿಕೆಗಳಾಗಲಿ ಬೋರ್ಡುಗಳಾಗಲಿ ತೋರಿಸುವುದಿಲ್ಲ. ಆದರೆ ಒತ್ತು ಬದಲಾದರೆ ಅರ್ಥವೂ ಬದಲಾಗುತ್ತದೆ. ಇಲ್ಲಿ ನಮ್ಮ ಲಿಪಿಯೇ ಹೆಚ್ಚು ಅನುಕೂಲ. ಒತ್ತು ಕೊನೆಗಿಂತ ಹಿಂದಿನ ಅಕ್ಷರದ ಮೇಲಿದ್ದರೆ ಆ ಸ್ವರ ಸಾಮಾನ್ಯವಾಗಿ ಎಳೆದುಕೊಳ್ಳುತ್ತದೆ, ಆದ್ದರಿಂದ ಅದನ್ನು ದೀರ್ಘವಾಗಿ ಬರೆದುಕೊಳ್ಳಿ. ಒತ್ತು ಕೊನೆಯಲ್ಲಿದ್ದರೆ ಎಲ್ಲವನ್ನೂ ಹ್ರಸ್ವವಾಗಿ ಬರೆದು, ಕೊನೆಯ ಅಕ್ಷರವನ್ನು ಒತ್ತಿ ಹೇಳಿ.

‘ಬಾಸಗ್’ ಎಂದರೆ ಒಡಕು. ‘ಬಸಗ್’ ಎಂದರೆ ಒಡೆದ, ಒಡೆದಿರುವ. ‘ಬಾಲಿ’ ಮೂಳೆಯ ಮುರಿತ, ‘ಬಲಿ’ ಮುರಿದಿರುವ. ‘ಪೂನಿತ್’ ಬಟ್ಟೆಯ ಹರಕು, ‘ಪುನಿತ್’ ಹರಿದಿರುವ. ಒಂದು ಸಲ ಕಿವಿಗೆ ಬಿದ್ದರೆ ಈ ಜೋಡಿಗಳು ಮರೆಯುವುದಿಲ್ಲ. ಪುನೀತ್ ಎಂಬ ನಮ್ಮ ಹುಡುಗರು ಮನಿಲಾದಲ್ಲಿ ಹೆಸರು ಹೇಳಿಕೊಂಡಾಗ ಎದುರಿನವರ ಮುಖದಲ್ಲಿ ಒಂದು ಪ್ರಶ್ನೆ ಸುಳಿಯಬಹುದು. ನಮ್ಮಲ್ಲಿ ಪವಿತ್ರ ಎಂಬ ಅರ್ಥದ ಹೆಸರು ಅವರ ಕಿವಿಗೆ ‘ಹರಿದದ್ದು’ ಎಂದು ಕೇಳಿಸುತ್ತದೆ. ಹೆಸರಿನ ಅರ್ಥವನ್ನು ತಿಳಿಸಿಬಿಡಿ. ಅದೇ ಒಂದು ಒಳ್ಳೆಯ ಪರಿಚಯವಾಗುತ್ತದೆ.

ಇನ್ನೊಂದು ಅಕ್ಷರ ‘ಙ’. ವರ್ಣಮಾಲೆ ಒಪ್ಪಿಸುವಾಗ ಬಿಟ್ಟರೆ ನಾವು ಅದನ್ನು ಬಳಸಿದ್ದೇ ಕಡಿಮೆ. ಅಲ್ಲಿ ದಿನಕ್ಕೆ ನೂರು ಸಲ ಬೇಕು. ಹಲ್ಲಿಗೆ ‘ಙೀಪಿನ್’ ಎನ್ನುತ್ತಾರೆ. ನಾಮಪದದ ಮುಂದೆ ಬರುವ ‘ಅಙ್’ ಎಂಬ ಪುಟ್ಟ ಪದವಂತೂ ವಾಕ್ಯಕ್ಕೊಂದರಂತೆ ಸಿಗುತ್ತದೆ. ‘ಅಂಗ್’ ಎಂದು ಗಕಾರ ಸೇರಿಸಬೇಡಿ. ‘ಅಂಕ’ ಎನ್ನಲು ಹೊರಟು ‘ಕ’ ಹೇಳುವ ಮುನ್ನ ನಿಲ್ಲಿಸಿ, ಅದೇ ಙ್.

ಎರಡನೆಯ ಹೆಜ್ಜೆ: ವಸ್ತು ಯಾವುದು?

ಕನ್ನಡದಲ್ಲಿ ನೀವು ಯಾವ ಕ್ರಿಯಾಪದ ಬಳಸುತ್ತೀರಿ ಎಂದು ಕೇಳಿಕೊಳ್ಳಿ. ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ.

ಗಾಜು, ಪಿಂಗಾಣಿ, ಮಡಕೆ, ಮೊಟ್ಟೆ – ನಾವು ‘ಒಡೆ’ ಎನ್ನುವ ಕಡೆ ಅವರು ‘ಬಾಸಗ್’ ಎನ್ನುತ್ತಾರೆ. ‘ನಬಾಸಗ್ ಅಙ್ ಬಾಸೊ’ ಎಂದರೆ ಲೋಟ ಒಡೆಯಿತು. ‘ಬಾಸೊ’ ಸ್ಪೇನಿನವರಿಂದ ಬಂದ ಪದ. 1565ರಿಂದ 1898ರವರೆಗೆ ಅವರ ಆಳ್ವಿಕೆ ಇದ್ದುದರಿಂದ ಅಡುಗೆಮನೆಯ, ಅಂಗಡಿಯ ಪದಗಳು ಸ್ಪ್ಯಾನಿಷಿನಿಂದ ರಾಶಿಯಾಗಿ ಬಂದಿವೆ. ಆದರೆ ಒಡೆಯುವ, ಮುರಿಯುವ ಕ್ರಿಯೆಗಳೆಲ್ಲ ಅವರ ಸ್ವಂತದವು.

ಮೂಳೆ, ಕಡ್ಡಿ, ಪೆನ್ಸಿಲ್, ಮರದ ಕೊಂಬೆ – ನಾವು ‘ಮುರಿ’ ಎನ್ನುತ್ತೇವೆ, ಅವರು ‘ಬಾಲಿ’. ‘ನಬಾಲಿ ಅಙ್ ಬ್ರಾಸೊ ಕೊ’: ನನ್ನ ತೋಳು ಮುರಿಯಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇನ್ನೊಂದು ರೂಪ ಕಲಿಯಬೇಕು: ‘ನಬಲೀಅನ್ ಸಿಯ ನಙ್ ಬುತೊ’, ಅವರಿಗೆ ಮೂಳೆ ಮುರಿದಿದೆ. ನಾವು ‘ಅವರಿಗೆ’ ಎಂದು ಪೆಟ್ಟು ತಿಂದವರನ್ನು ಮುಂದೆ ತರುವ ಹಾಗೆ, ಕೊನೆಯ ‘ಅನ್’ ಪ್ರತ್ಯಯ ಅದೇ ಕೆಲಸ ಮಾಡುತ್ತದೆ.

ದಾರ, ಹಗ್ಗ – ‘ಪತಿದ್’. ‘ನಪತಿದ್ ಅಙ್ ತಾಲಿ’, ದಾರ ಹರಿಯಿತು. ‘ತಾಲಿ’ ಎಂದರೆ ಕಟ್ಟುವ ದಾರ ಅಥವಾ ಹಗ್ಗ. ನಮ್ಮ ತಾಳಿಯನ್ನು ನೆನೆದುಕೊಂಡರೆ ಪದ ಮನಸ್ಸಿನಲ್ಲಿ ಉಳಿಯುತ್ತದೆ, ನೆಂಟಸ್ತಿಕೆ ಮಾತ್ರ ಹುಡುಕಬೇಡಿ.

ಚಪ್ಪಲಿಯ ಪಟ್ಟಿ, ಚೀಲದ ಹಿಡಿ – ‘ಪಿಗ್ತಸ್’. ‘ನಪಿಗ್ತಸ್ ಅಙ್ ಚಿನೇಲಸ್ ಕೊ’, ನನ್ನ ಚಪ್ಪಲಿ ಕಿತ್ತುಹೋಯಿತು. ಕಿತ್ತುಹೋಗುವುದಕ್ಕೆ ಬೇರೆಯದೇ ಪದವಿರುವ ಇನ್ನೊಂದು ಭಾಷೆ ಸಿಕ್ಕಿತಲ್ಲ ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಳೆಯಲ್ಲಿ ಹವಾಯಿ ಚಪ್ಪಲಿ ಹಾಕಿ ನಡೆದ ಎರಡು ಊರಿನವರಿಗೆ ಮಾತ್ರ ಬೇಕಾಗುವ ಪದ ಅದು.

ತೆಂಗಿನಕಾಯಿಗೆ ನಾವು ‘ಒಡೆ’ ಎನ್ನುತ್ತೇವೆ. ಅವರು ‘ಬಿಯಕ್’ ಎನ್ನುತ್ತಾರೆ, ಅಂದರೆ ಎರಡು ಹೋಳಾಗಿ ಸೀಳು. ‘ಬಿಯಕಿನ್ ಮೊ ಅಙ್ ನಿಯೊಗ್’, ತೆಂಗಿನಕಾಯಿ ಹೋಳು ಮಾಡು. ಹೋಳಾದ ಕಾಯಿಯನ್ನು ತುರಿಯಲು ಅವರ ಮನೆಗಳಲ್ಲೂ ಕುಳಿತುಕೊಳ್ಳುವ ಮಣೆ, ಅದರ ತುದಿಗೆ ಹಲ್ಲಿನ ಕಬ್ಬಿಣ. ಹೆಸರು ‘ಕುದ್ಕುರನ್’. ನಮ್ಮ ತುರಿಮಣೆಯ ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಹೇಳುವುದು ಕಷ್ಟ.

ಪುಡಿಪುಡಿಯಾದರೆ ‘ದುರೊಗ್’. ನಮ್ಮ ನುಚ್ಚುನೂರು. ಅಕ್ಕಿಯ ನುಚ್ಚಿಗೆ ಮಾತ್ರ ಬೇರೆ ಹೆಸರು, ‘ಬಿನ್ಲಿದ್’. ಇಂಗ್ಲಿಷಿನಲ್ಲಿ ಅದನ್ನು ‘ಮುರಿದ ಅಕ್ಕಿ’ ಎಂದು ಎರಡು ಪದದಲ್ಲಿ ಹೇಳಬೇಕು. ಅನ್ನ ಉಂಡು ಬೆಳೆದ ಎರಡೂ ಭಾಷೆಗಳಿಗೆ ಒಂದೇ ಪದ ಸಾಕು.

ಯಂತ್ರ, ಫ್ಯಾನು, ಲಿಫ್ಟು, ಬಸ್ಸು – ನಾವು ‘ಕೆಟ್ಟಿದೆ’ ಎನ್ನುವಲ್ಲೆಲ್ಲ ‘ಸಿರ’. ‘ಸಿರ ಅಙ್ ಏರ್‌ಕಾನ್’ ಎಂದರೆ ಏಸಿ ಕೆಟ್ಟಿದೆ. ‘ನಸೀರ ಅಙ್ ಬಸ್’, ಬಸ್ಸು ಕೆಟ್ಟುಹೋಯಿತು. ‘ಕೆಡು’ ಎಂಬ ನಮ್ಮ ಪದ ಎಲ್ಲೆಲ್ಲಿ ಓಡಾಡುತ್ತದೋ ‘ಸಿರ’ವೂ ಹೆಚ್ಚುಕಡಿಮೆ ಅಲ್ಲೆಲ್ಲ ಓಡಾಡುತ್ತದೆ. ಕೆಟ್ಟ ಹಲ್ಲು ‘ಸಿರಙ್ ಙೀಪಿನ್’. ಒಬ್ಬರ ಹೆಸರು ಕೆಡಿಸುವುದಕ್ಕೆ ‘ಸಿರಾಅನ್’. ತಲೆ ಕೆಟ್ಟವನಿಗೆ ‘ಸಿರ-ಊಲೊ’. ‘ಊಲೊ’ ಎಂದರೆ ತಲೆ. ಈ ಕೊನೆಯದನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಕಲಿಯಿರಿ, ಬಾಯಲ್ಲಿ ಆಡಬೇಡಿ. ಅದು ಬೈಗುಳ. ನಮ್ಮಲ್ಲಿ ಸಲಿಗೆಯಿಂದ ‘ತಲೆ ಕೆಟ್ಟಿದೆಯಾ’ ಎಂದಷ್ಟು ಹಗುರವಾಗಿ ಹೊರಗಿನವರ ಬಾಯಿಂದ ಅದು ಕೇಳಿಸುವುದಿಲ್ಲ.

ಮೂರನೆಯ ಹೆಜ್ಜೆ: ತಾನಾಗಿ ಆಯಿತೋ, ಬೇಕೆಂದು ಮಾಡಿದ್ದೋ?

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಇದನ್ನು ನಾನು ಕಲಿತದ್ದು ಒಂದು ರಾತ್ರಿ ಪಾಳಿಯಲ್ಲಿ.

ಚಹಾದ ಗಾಜಿನ ಲೋಟಗಳ ತಟ್ಟೆ ಎತ್ತುವಾಗ ಒಂದು ಜಾರಿ ಬಿತ್ತು. ಪಕ್ಕದಲ್ಲಿ ಬತಾಂಗಾಸ್ ಪ್ರಾಂತದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ನಾವೆಲ್ಲ ಅವರನ್ನು ‘ಆತೆ’ ಎಂದು ಕರೆಯುತ್ತಿದ್ದೆವು, ಅಂದರೆ ಅಕ್ಕ. ಅವರು ನನ್ನನ್ನು ‘ಕೂಯ’ ಎನ್ನುತ್ತಿದ್ದರು, ಅಣ್ಣ. ವಯಸ್ಸಿನ ಲೆಕ್ಕ ನೋಡದೆ ಗೌರವಕ್ಕೆ ಹಾಗೆ ಕರೆಯುವುದು ಅಲ್ಲಿಯೂ ರೂಢಿ. ಹೊಸದಾಗಿ ಕಲಿತ ಹುರುಪಿನಲ್ಲಿ ನಾನು ‘ಬಿನಾಸಗ್ ಕೊ ಅಙ್ ಬಾಸೊ’ ಎಂದೆ. ಅವರು ಪೊರಕೆ ಹಿಡಿದವರು ಹಾಗೆಯೇ ನಿಂತರು. ‘ಯಾಕೆ ಕೂಯ, ಯಾರ ಮೇಲೆ ಸಿಟ್ಟು?’ ಎಂದು ನಿಜವಾದ ಕಾಳಜಿಯಿಂದ ಕೇಳಿದರು.

ನಾನು ಹೇಳಿದ್ದು ‘ಲೋಟವನ್ನು ಒಡೆದುಹಾಕಿದೆ’ ಎಂದು. ಬೇಕೆಂದೇ ನೆಲಕ್ಕೆ ಅಪ್ಪಳಿಸಿದ ಹಾಗೆ. ಹೇಳಬೇಕಾಗಿದ್ದದ್ದು ‘ನಬಾಸಗ್ ಕೊ ಅಙ್ ಬಾಸೊ’, ಅಂದರೆ ನನ್ನ ಕೈಯಿಂದ ಲೋಟ ಒಡೆದುಹೋಯಿತು.

ಮೂರು ರೂಪಗಳನ್ನು ಕನ್ನಡದ ಪಕ್ಕದಲ್ಲಿ ಇಟ್ಟುಕೊಳ್ಳಿ:

– ನಬಾಸಗ್ ಅಙ್ ಬಾಸೊ: ಲೋಟ ಒಡೆದುಹೋಯಿತು. ಯಾರಿಂದ ಎಂಬ ಮಾತೇ ಇಲ್ಲ.
– ನಬಾಸಗ್ ಕೊ ಅಙ್ ಬಾಸೊ: ನನ್ನ ಕೈಯಿಂದ ಒಡೆದುಹೋಯಿತು. ಹೊಣೆ ನನ್ನದು, ಉದ್ದೇಶ ಇರಲಿಲ್ಲ.
– ಬಿನಾಸಗ್ ಕೊ ಅಙ್ ಬಾಸೊ: ನಾನೇ ಒಡೆದುಹಾಕಿದೆ.

‘ನ’ ಎಂಬುದು ಪದದ ಮುಂದೆ ಬರುತ್ತದೆ. ‘ಇನ್’ ಪದದ ಹೊಟ್ಟೆಯೊಳಗೆ ಹೊಕ್ಕು ಕೂರುತ್ತದೆ: ‘ಬಾಸಗ್’ನ ಬ ಕಳಚಿ, ನಡುವೆ ಇನ್ ಸೇರಿಸಿ, ಬ-ಇನ್-ಆಸಗ್. ಕನ್ನಡದಲ್ಲಿ ಪ್ರತ್ಯಯಗಳು ಬಾಲದಲ್ಲಿ ಅಂಟುತ್ತವೆಯೇ ಹೊರತು ಹೀಗೆ ನಡುವೆ ನುಗ್ಗುವುದಿಲ್ಲ, ಆದ್ದರಿಂದ ಇದು ನಮಗೆ ಹೊಸದು. ಆದರೆ ಅದು ಹೇಳುವ ವ್ಯತ್ಯಾಸ ಹೊಸದಲ್ಲ. ‘ಒಡೆದುಹೋಯಿತು’, ‘ಒಡೆದುಹಾಕಿದೆ’ ಎಂದು ಹೋಗು, ಹಾಕು ಸೇರಿಸಿ ನಾವು ದಿನವೂ ಮಾಡುವ ಭೇದವೇ ಅದು. ಇಂಗ್ಲಿಷಿನಲ್ಲಿ ‘ನಾನು ಒಡೆದೆ’ ಎಂದುಬಿಟ್ಟರೆ ಕೈಜಾರಿದ್ದೋ ಬೇಕೆಂದದ್ದೋ ತಿಳಿಯದು, ವಿವರಣೆ ಸೇರಿಸಬೇಕು.

ಮುಂದಾಗುವುದಕ್ಕೆ ‘ನ’ದ ಜಾಗದಲ್ಲಿ ‘ಮ’ ಹಾಕಿ, ಮೂಲದ ಮೊದಲ ಅಕ್ಷರವನ್ನು ಎರಡು ಸಲ ಹೇಳುತ್ತಾರೆ: ‘ಮಬಬಾಸಗ್’, ಒಡೆದುಹೋದೀತು. ಮಗು ಮೇಜಿನ ತುದಿಯ ಬಟ್ಟಲಿಗೆ ಕೈ ಹಾಕಿದಾಗ ತಾಯಿ ಕೂಗುವುದು ಇದನ್ನೇ. ಒಡೆಯುವ ಸ್ವಭಾವದ ಸಾಮಾನಿಗೆ ‘ಬಬಸಗಿನ್’. ಹೊರದೇಶದಲ್ಲಿ ದುಡಿಯುವ ಫಿಲಿಪ್ಪೀನ್ಸಿನವರು ಊರಿಗೆ ‘ಬಲಿಕ್‌ಬಾಯನ್’ ಪೆಟ್ಟಿಗೆ ಕಳಿಸುತ್ತಾರೆ. ತಿಂಗಳುಗಟ್ಟಲೆ ಸಾಬೂನು, ಚಾಕಲೇಟು, ತಟ್ಟೆ ಬಟ್ಟಲು ಕೂಡಿಡುತ್ತಾ ತುಂಬಿಸಿದ ದೊಡ್ಡ ರಟ್ಟಿನ ಪೆಟ್ಟಿಗೆ ಅದು. ನಮ್ಮ ಆತೆ ಬಟ್ಟಲುಗಳನ್ನು ಟವೆಲ್ಲಿನಲ್ಲಿ ಸುತ್ತಿ, ಟೇಪು ಬಿಗಿದು, ಮಾರ್ಕರಿನಿಂದ ನಾಲ್ಕೂ ಬದಿಗೆ ‘ಬಬಸಗಿನ್’ ಎಂದು ಬರೆಯುವಾಗ ನಾನು ಪೆಟ್ಟಿಗೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ಆ ಪದ ನನಗೆ ಅಂಟಿದ್ದು ಹಾಗೆ.

ಸುತ್ತುವ ಮೊದಲು ಪ್ರತಿ ಬಟ್ಟಲಿನ ಅಂಚಿಗೂ ಅವರು ಉಗುರಿನಿಂದ ಒಂದು ತಟ್ಟು ಕೊಡುತ್ತಿದ್ದರು. ಸರಿಯಿದ್ದರೆ ಠಣ್ ಎಂದು ದನಿ ನಿಲ್ಲುತ್ತಿತ್ತು. ಮಂಕಾಗಿ ಸತ್ತರೆ ‘ಮೈ ಲಾಮತ್’ ಎಂದು ಪಕ್ಕಕ್ಕಿಡುತ್ತಿದ್ದರು. ‘ಲಾಮತ್’ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನನ್ನ ಅಜ್ಜಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದದ್ದು ಇದನ್ನೇ. ಒಣಗಿದ ಗದ್ದೆಯ ಅಥವಾ ಗೋಡೆಯ ದೊಡ್ಡ ಬಿರುಕಿಗೆ ಮಾತ್ರ ‘ಬಿತಕ್’.

ನಾಲ್ಕನೆಯ ಹೆಜ್ಜೆ: ಕನ್ನಡವೂ ಕೈಕೊಡುವ ಕಡೆ

ಕನ್ನಡದಿಂದ ಹೊರಟರೆ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ನಮ್ಮ ಒಂದು ಪದ ಅಲ್ಲಿ ಎರಡಾಗುವ ಕಡೆಗಳಿವೆ.

ನಮಗೆ ದಾರವೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಅವರಿಗೆ ದಾರ ‘ಪತಿದ್’, ಬಟ್ಟೆ ಮತ್ತು ಕಾಗದ ‘ಪೂನಿತ್’. ‘ನಪೂನಿತ್ ಅಙ್ ಪಪೆಲ್’, ಕಾಗದ ಹರಿಯಿತು.

ನಮಗೆ ಹಾಲು ಒಡೆಯುತ್ತದೆ. ಅಲ್ಲಿ ಹಾಲಿಗೆ ‘ಬಾಸಗ್’ ಎಂದರೆ ಯಾರಿಗೂ ಅರ್ಥವಾಗದು. ಕೆಟ್ಟ ಹಾಲು ‘ಪನಿಸ್’, ಹಳಸಿದ ಅನ್ನವೂ ‘ಪನಿಸ್’.

ಟೈರು, ನೀರಿನ ಕೊಳವೆ ಒಡೆದರೆ ‘ಪುತೊಕ್’, ಒಳಗಿನ ಒತ್ತಡದಿಂದ ಸಿಡಿಯುವುದು. ‘ಪುಮುತೊಕ್ ಅಙ್ ಗುಲೊಙ್’, ಚಕ್ರ ಸಿಡಿಯಿತು. 1991ರಲ್ಲಿ ಪಿನಾತುಬೊ ಜ್ವಾಲಾಮುಖಿ ಸ್ಫೋಟಿಸಿದ್ದಕ್ಕೂ ಇದೇ ಕ್ರಿಯಾಪದ. ದಾದಿಯರು ತಪ್ಪದೆ ಕಲಿಯಬೇಕಾದ ವಾಕ್ಯವೂ ಇಲ್ಲೇ ಇದೆ. ತುಂಬು ಗರ್ಭಿಣಿ ‘ಪುಮುತೊಕ್ ನ ಅಙ್ ಪನುಬೀಗನ್ ಕೊ’ ಎಂದರೆ ಹೆರಿಗೆಗೆ ಮುಂಚಿನ ನೀರು ಒಡೆದಿದೆ ಎಂದರ್ಥ. ಕಡತ ಬದಿಗಿಟ್ಟು ಏಳಿ.

ಹುಡುಗರ ಧ್ವನಿ ಒಡೆಯುವುದಕ್ಕೆ ‘ಪಿಯೊಕ್’. ಹಾಡುವಾಗ ಎತ್ತರದ ಸ್ವರದಲ್ಲಿ ಗಂಟಲು ಕೈಕೊಟ್ಟರೂ ಅದೇ ಪದ.

ಕನ್ನಡ ಲಿಪಿಯಲ್ಲಿ ವಾಹನ ನಿಲ್ಲಿಸುವ ಬ್ರೇಕೂ ಇದೇ ಅಕ್ಷರಗಳಲ್ಲಿ ಬರುತ್ತದೆ. ಅದು ಬೇರೆಯೇ ಪದ. ತಗಾಲೊಗ್‌ನಲ್ಲಿ ‘ಪ್ರೇನೊ’.

ಐದನೆಯ ಹೆಜ್ಜೆ: ಕೈಗೆ ಸಿಗದ ವಸ್ತುಗಳು

ಕಾನೂನು ಮುರಿಯುವುದು ‘ಲುಮಬಗ್ ಸ ಬತಸ್’, ನಿಯಮ ಮೀರುವುದು. ಮಾತಿಗೆ ತಪ್ಪುವುದು ‘ಸುಮೀರ ಸ ಪಙಾಕೊ’. ಮತ್ತೆ ಅದೇ ‘ಸಿರ’, ಮಾತು ಕೆಡಿಸಿದ ಎಂಬಂತೆ.

ನಾವು ಮೌನ ‘ಮುರಿಯುತ್ತೇವೆ’, ಕಡ್ಡಿಯ ಹಾಗೆ. ಅವರು ‘ಬಸಾಗಿನ್ ಅಙ್ ಕತಹಿಮೀಕನ್’ ಎನ್ನುತ್ತಾರೆ, ಗಾಜಿನ ಹಾಗೆ ಮೌನವನ್ನು ಒಡೆಯುತ್ತಾರೆ. ಹೃದಯ ನುಚ್ಚುನೂರಾದರೆ ‘ದುರೊಗ್ ಅಙ್ ಪೂಸೊ ಕೊ’. ಸ್ನೇಹದಲ್ಲಿ ಬಿರುಕು ಬಿಟ್ಟರೆ ಬಟ್ಟಲಿನ ಅದೇ ‘ಲಾಮತ್’. ನಾವೂ ಗೋಡೆಯ ಬಿರುಕನ್ನೇ ಸಂಬಂಧಕ್ಕೂ ತರುತ್ತೇವಲ್ಲ.

ದಂಪತಿ ಬೇರೆಯಾದರೆ ‘ನಗ್‌ಹಿವಲಯ್ ಸಿಲ’. ಯುವಕರು ಇಂಗ್ಲಿಷಿನ ಬ್ರೇಕನ್ನೇ ಬಳಸುತ್ತಾರೆ, ಆದರೆ ಅದರ ಮುಂದಿನ ‘ನಾವು’ ಎಂಬ ಪದದಲ್ಲಿ ಎಚ್ಚರ ಬೇಕು. ತಗಾಲೊಗ್‌ನಲ್ಲಿ ಎದುರಿನವರನ್ನೂ ಸೇರಿಸಿದ ನಾವು ‘ತಾಯೊ’, ಅವರನ್ನು ಬಿಟ್ಟ ನಾವು ‘ಕಮಿ’. ತಮಿಳಿನ ನಾಂ–ನಾಂಗಳ್, ತೆಲುಗಿನ ಮನಂ–ಮೇಮು ಗೊತ್ತಿದ್ದವರಿಗೆ ಇದು ತಕ್ಷಣ ತಿಳಿಯುತ್ತದೆ. ಇಂದಿನ ಕನ್ನಡದಲ್ಲಿ ಆ ಭೇದ ಉಳಿದಿಲ್ಲ. ‘ಬ್ರೇಕ್ ನ ಕಮಿ’ ಎಂದರೆ ನಾವಿಬ್ಬರೂ ಬೇರೆಯಾಗಿದ್ದೇವೆ ಎಂದು ಮೂರನೆಯವರಿಗೆ ಹೇಳುವ ಸುದ್ದಿ. ‘ಬ್ರೇಕ್ ನ ತಾಯೊ’ ಎಂದರೆ ಎದುರಿಗೆ ನಿಂತವರನ್ನೇ ಬಿಟ್ಟುಬಿಡುವ ಮಾತು. ಗೆಳತಿಗೆ ನಿಮ್ಮ ಹಳೆಯ ಸಂಬಂಧ ಮುರಿದ ಕಥೆ ಹೇಳಲು ಹೋಗಿ ಇವೆರಡನ್ನು ಅದಲುಬದಲು ಮಾಡಬೇಡಿ.

ಆರನೆಯ ಹೆಜ್ಜೆ: ಅಂಗಡಿ, ಬಸ್ಸು, ಬೆಳಗು

ದೊಡ್ಡ ನೋಟು ಮುರಿಸುವುದಕ್ಕೆ ‘ಪಬರ್ಯ ಪೊ’ ಎನ್ನಿ: ಚಿಲ್ಲರೆ ಮಾಡಿಕೊಡಿ. ‘ಪೊ’ ನಮ್ಮ ‘ಕೊಡಿ’ಯಲ್ಲಿನ ಗೌರವದಂತೆ, ಹಿರಿಯರಿಗೆ, ಅಪರಿಚಿತರಿಗೆ ಬಿಡಬಾರದು. ಮನಿಲಾದ ಜೀಪ್‌ನಿ ಎಂಬ ಸಣ್ಣ ಬಸ್ಸುಗಳಲ್ಲಿ ‘ಬರ್ಯ ಲಙ್ ಪೊ ಸ ಉಮಾಗ’ ಎಂಬ ಬರಹ ಪ್ರಸಿದ್ಧ: ಬೆಳಗಿನ ಹೊತ್ತು ಚಿಲ್ಲರೆಯನ್ನೇ ಕೊಡಿ. ನಮ್ಮ ಕಂಡಕ್ಟರುಗಳ ಬೇಡಿಕೆಯೂ ಅದೇ ತಾನೆ. ಒಂದು ವ್ಯತ್ಯಾಸ: ಸಣ್ಣ ನಾಣ್ಯಗಳು ‘ಬರ್ಯ’, ಕೊಟ್ಟ ಹಣದಲ್ಲಿ ನಿಮಗೆ ವಾಪಸು ಬರಬೇಕಾದದ್ದು ‘ಸುಕ್ಲಿ’. ನಾವು ಎರಡಕ್ಕೂ ಚಿಲ್ಲರೆ ಎನ್ನುತ್ತೇವೆ. ಇಳಿಯುವಾಗ ಕೇಳಬೇಕಾದದ್ದು ಸುಕ್ಲಿ.

ಕೆಲಸದ ನಡುವಿನ ವಿರಾಮಕ್ಕೆ ‘ಪಹಿಙ’ ಎನ್ನಬಹುದು. ತಿಂಡಿಯ ಹೊತ್ತಾದರೆ ‘ಮೆರ್ಯೆಂದ’. ಬೆಳಗಿನ ತಿಂಡಿ ‘ಅಲ್ಮುಸಲ್’ ಅಥವಾ ‘ಅಗಾಹನ್’. ಬೆಳಕು ಹರಿಯುವ ಹೊತ್ತಿಗೆ ‘ಬುಕಙ್ ಲಿವಯ್‌ವಯ್’, ಅಂದರೆ ತೆರೆದುಕೊಂಡ ಮುಂಜಾವು. ದಾರ ಹರಿಯುವ ಪದದಿಂದಲೇ ನಾವು ಬೆಳಕನ್ನೂ ಹರಿಸುತ್ತೇವೆ. ಅವರು ಬಾಗಿಲು ತೆರೆಯುತ್ತಾರೆ.

ಅಭ್ಯಾಸಕ್ಕೆ

ಪುಸ್ತಕದ ಒಂದು ಹಾಳೆಯಲ್ಲಿ ಎಡಗಡೆ ಕನ್ನಡದ ಕ್ರಿಯಾಪದಗಳನ್ನು ಬರೆಯಿರಿ: ಒಡೆ, ಮುರಿ, ಹರಿ, ಕಿತ್ತುಹೋಗು, ಸೀಳು, ಸಿಡಿ, ಕೆಡು. ಬಲಗಡೆ ತಗಾಲೊಗ್. ನಡುವೆ ಇಂಗ್ಲಿಷ್ ಬೇಡ. ವಾರಕ್ಕೆ ಒಂದೇ ಪದ ಹಿಡಿಯಿರಿ, ಅದನ್ನು ‘ನ’ ಸೇರಿಸಿ ಒಮ್ಮೆ, ಬೇಕೆಂದು ಮಾಡಿದ ರೂಪದಲ್ಲಿ ಒಮ್ಮೆ ಹೇಳಿ, ಸಹೋದ್ಯೋಗಿಯೊಬ್ಬರಿಂದ ತಿದ್ದಿಸಿಕೊಳ್ಳಿ. ದಾವಾವೊ ಅಥವಾ ಸೆಬುವಿಗೆ ಓದಲು ಹೋಗುವವರು ಮೂರನೆಯ ಸಾಲೊಂದನ್ನೂ ಎಳೆದುಕೊಳ್ಳಬೇಕು. ಅಲ್ಲಿ ಬೀದಿಯಲ್ಲಿ ಹೆಚ್ಚು ಕೇಳುವುದು ಸೆಬುವಾನೊ ಭಾಷೆ. ಅದರಲ್ಲಿ ಒಡೆದದ್ದು ‘ಬುಅಕ್’, ಕೆಟ್ಟದ್ದು ‘ಗುಬ’. ಹಾಸ್ಟೆಲಿನ ಫ್ಯಾನು ನಿಂತ ದಿನ ಮೊದಲು ಬೇಕಾಗುವುದು ಆ ಎರಡನೆಯ ಪದ.